‘ತೆನೇರ್’ ಕಲಿಕೆ: ಇಂಗ್ಲಿಷಿನ ಸುತ್ತುದಾರಿ, ಕನ್ನಡದ ಒಳದಾರಿ

ಸ್ಪ್ಯಾನಿಷ್ ಕಲಿಯಲು ಹೊರಟ ಕನ್ನಡ ವಿದ್ಯಾರ್ಥಿಗೆ ಮೊದಲ ಕೆಲವು ಪಾಠಗಳಲ್ಲಿಯೇ ಎದುರಾಗುವ ಕ್ರಿಯಾಪದಗಳಲ್ಲಿ ‘ತೆನೇರ್’ ಒಂದು. ಪಠ್ಯಪುಸ್ತಕ ಅದಕ್ಕೆ ಇಂಗ್ಲಿಷಿನ ‘ಹ್ಯಾವ್’ ಎಂಬ ಅರ್ಥವನ್ನು ಕೊಡುತ್ತದೆ. ಆ ‘ಹ್ಯಾವ್’ ಪದಕ್ಕೆ ನಿಘಂಟುಗಳ ಮತ್ತು ಪತ್ರಿಕೆಗಳ ಕನ್ನಡದಲ್ಲಿ ಸಿದ್ಧವಾಗಿ ದೊರೆಯುವ ಸಮಾನ ಪದ ‘ಹೊಂದು’. ಹೀಗೆ ‘ತೆನೇರ್ ಎಂದರೆ ಹ್ಯಾವ್, ಹ್ಯಾವ್ ಎಂದರೆ ಹೊಂದು’ ಎಂಬ ಎರಡು ಮೆಟ್ಟಿಲುಗಳನ್ನು ಹತ್ತಿ ವಿದ್ಯಾರ್ಥಿ ಒಂದು ಕ್ರಿಯಾಪದವನ್ನು ತಲುಪುತ್ತಾನೆ. ಈ ಎರಡು ಮೆಟ್ಟಿಲುಗಳೂ ಅನಗತ್ಯ. ಮಾತ್ರವಲ್ಲ, ಎರಡೂ ಅವನನ್ನು ದಾರಿ ತಪ್ಪಿಸುತ್ತವೆ. ಕನ್ನಡದಲ್ಲಿ ಅವನು ಬಾಲ್ಯದಿಂದಲೂ ಬಳಸುತ್ತ ಬಂದಿರುವ ‘ನನಗೆ ಇದೆ’, ‘ನನಗೆ ಆಯಿತು’ ಎಂಬ ರಚನೆಗಳು ‘ತೆನೇರ್’ ಪ್ರಯೋಗದ ಅತ್ಯಂತ ಕಠಿಣವೆಂದು ಹೆಸರಾದ ಭಾಗವನ್ನೇ ಅವನಿಗೆ ತಿಳಿಸಿಕೊಡಬಲ್ಲವು. ಅನ್ಯಭಾಷಾ ಬೋಧನೆಯಲ್ಲಿ ಕನ್ನಡಕ್ಕೆ ಇರಬೇಕಾದ ಸ್ಥಾನವನ್ನು ಕುರಿತ ಚರ್ಚೆಗೆ ಈ ಒಂದು ಕ್ರಿಯಾಪದ ಒಳ್ಳೆಯ ಆಧಾರವಾಗಬಹುದು.

ಮೊದಲಿಗೆ ರೂಪದ ವಿಚಾರ. ‘ತೆನೇರ್’ ಅನಿಯತ ಕ್ರಿಯಾಪದ. ವರ್ತಮಾನದಲ್ಲಿ ಅದು ‘ತೆಂಗೊ, ತಿಯೆನೆಸ್, ತಿಯೆನೆ, ತೆನೇಮೊಸ್, ತೆನೇಯ್ಸ್, ತಿಯೆನೆನ್’ ಎಂದು ನಡೆಯುತ್ತದೆ. ಭೂತಕಾಲದ ಒಂದು ಬಗೆಯಲ್ಲಿ ‘ತೂವೆ, ತುವೀಸ್ತೆ, ತೂವೊ’ ಎಂದೂ ಇನ್ನೊಂದು ಬಗೆಯಲ್ಲಿ ‘ತೆನೀಯ’ ಎಂದೂ ಭವಿಷ್ಯತ್ತಿನಲ್ಲಿ ‘ತೆಂದ್ರೇ’ ಎಂದೂ ರೂಪ ತಳೆಯುತ್ತದೆ. ಇದನ್ನು ಕೋಷ್ಟಕವಾಗಿ ಕಂಡ ವಿದ್ಯಾರ್ಥಿ ಬೆದರುವುದು ಸಹಜ. ಆದರೆ ಕನ್ನಡ ಬಲ್ಲವನಿಗೆ ಈ ಬೆದರಿಕೆ ಸಲ್ಲದು. ‘ತರು’ ಎಂಬ ಧಾತು ‘ತಂದ’ ಎಂದಾಗಿ ವಿಧಿಯಲ್ಲಿ ‘ತಾ’ ಎಂದು ಮೊಟಕಾಗುವ, ‘ನಿಲ್ಲು’ ‘ನಿಂತ’ ಆಗುವ, ‘ಕೊಲ್ಲು’ ‘ಕೊಂದ’ ಆದರೂ ‘ಗೆಲ್ಲು’ ‘ಗೆದ್ದ’ ಆಗುವ ಭಾಷೆಯನ್ನು ಅವನು ಯಾವ ಕೋಷ್ಟಕದ ನೆರವೂ ಇಲ್ಲದೆ ಆಡುತ್ತಿದ್ದಾನೆ. ಅತಿ ಹೆಚ್ಚು ಬಳಕೆಯಾಗುವ ಧಾತುಗಳೇ ಅನಿಯತವಾಗಿ ಉಳಿಯುತ್ತವೆ ಎಂಬುದು ಭಾಷೆಗಳ ಸಾಮಾನ್ಯ ಸ್ವಭಾವ. ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುವ ರೂಪವನ್ನು ನಿಯಮವು ತಿದ್ದಲಾರದು. ಅಪರೂಪದ ರೂಪವನ್ನು ಮಾತ್ರ ನಿಯಮವು ತನ್ನ ಜಾಡಿಗೆ ಎಳೆದುಕೊಳ್ಳುತ್ತದೆ. ಸ್ಪ್ಯಾನಿಷ್ ಮಾತಾಡುವ ಮಕ್ಕಳೂ ‘ಸಬೇರ್’ (ತಿಳಿ) ಧಾತುವಿನಿಂದ ‘ಸೇ’ ಎನ್ನಬೇಕಾದಲ್ಲಿ ‘ಸಾಬೊ’ ಎಂದು ನಿಯಮಬದ್ಧವಾಗಿ ತಪ್ಪು ಮಾಡಿ, ಕೇಳುತ್ತ ಕೇಳುತ್ತ ಸರಿಪಡಿಸಿಕೊಳ್ಳುತ್ತಾರೆ.

ಅಲ್ಲದೆ ಈ ಅನಿಯತತೆಗೂ ಒಂದು ಒಳಕ್ರಮವಿದೆ. ಧಾತುವಿನ ಮೇಲೆ ಒತ್ತು ಬಿದ್ದಾಗ ಲ್ಯಾಟಿನ್ನಿನ ಹ್ರಸ್ವ ಎಕಾರ ‘ಇಯೆ’ ಆಗುತ್ತದೆ. ಒತ್ತು ಪ್ರತ್ಯಯಕ್ಕೆ ಸರಿದಾಗ ಎಕಾರವಾಗಿಯೇ ಉಳಿಯುತ್ತದೆ. ಆದುದರಿಂದಲೇ ‘ತಿಯೆನೆ’, ಆದರೆ ‘ತೆನೇಮೊಸ್’. ಅರ್ಜೆಂಟೀನಾದ ಮಾತಿನಲ್ಲಿ ‘ನೀನು’ ಎಂಬುದಕ್ಕೆ ‘ತೂ’ ಬದಲು ‘ವೋಸ್’ ಬಳಕೆಯಲ್ಲಿದ್ದು, ಅದರೊಡನೆ ಒತ್ತು ಕೊನೆಗೆ ಸರಿಯುವುದರಿಂದ ‘ತಿಯೆನೆಸ್’ ಹೋಗಿ ‘ತೆನೇಸ್’ ಬರುತ್ತದೆ. ‘ತೆಂಗೊ’ ರೂಪದ ಗಕಾರವು ಸಾದೃಶ್ಯದ ಫಲ. ‘ವೆಂಗೊ’ (ಬರುತ್ತೇನೆ), ‘ಪೊಂಗೊ’ (ಇಡುತ್ತೇನೆ), ‘ಸಾಲ್ಗೊ’ (ಹೊರಡುತ್ತೇನೆ) ಎಂಬವು ಅದರ ಬಳಗದವು. ‘ತೆಂದ್ರೇ’ ರೂಪದಲ್ಲಿ ನಕಾರ ಮತ್ತು ರೇಫಗಳ ನಡುವೆ ದಕಾರ ಬಂದಿರುವುದು ಉಚ್ಚಾರಣಾ ಸೌಕರ್ಯಕ್ಕಾಗಿ. ಇಷ್ಟನ್ನು ಒಂದು ತರಗತಿಯಲ್ಲಿ ಹೇಳಿ ಮುಗಿಸಬಹುದು. ಉಚ್ಚಾರಣೆಯ ವಿಷಯದಲ್ಲಂತೂ ಕನ್ನಡ ವಿದ್ಯಾರ್ಥಿಗೆ ಅನುಕೂಲವೇ ಹೆಚ್ಚು. ಸ್ಪ್ಯಾನಿಷಿನ ತಕಾರ ಕನ್ನಡದ ದಂತ್ಯ ತಕಾರವೇ. ಇಂಗ್ಲಿಷಿನ ಮೂಲಕ ಹೋದವರು ಅದನ್ನು ‘ಟೆಂಗೊ’ ಎಂದು ಒರಟಾಗಿಸುತ್ತಾರೆ. ‘ತೆಂಗು’ ಎನ್ನಬಲ್ಲ ನಾಲಿಗೆಗೆ ಆ ಕಷ್ಟ ಏಕೆ?

ನಿಜವಾದ ತೊಡಕು ಇರುವುದು ಪ್ರಯೋಗದಲ್ಲಿ. ‘ತೆನೇರ್’ ಧಾತುವಿನ ಮೂಲಾರ್ಥ ‘ಹಿಡಿದುಕೊಳ್ಳು’. ಇಂದಿಗೂ ಒಂದು ವಸ್ತುವನ್ನು ಕೈಗೆ ಕೊಡುವಾಗ ಸ್ಪ್ಯಾನಿಷ್ ಭಾಷಿಕರು ‘ತೆನ್’ ಎನ್ನುತ್ತಾರೆ, ಕನ್ನಡಿಗರು ‘ಹಿಡಿ’ ಅಥವಾ ‘ತಗೋ’ ಎನ್ನುವಂತೆ. ಹಳೆಯ ಸ್ಪ್ಯಾನಿಷಿನಲ್ಲಿ ಒಡೆತನವನ್ನು ಸೂಚಿಸುತ್ತಿದ್ದ ಮುಖ್ಯ ಕ್ರಿಯಾಪದ ‘ಅಬೇರ್’. ಅದು ಕ್ರಮೇಣ ಸಹಾಯಕ ಕ್ರಿಯಾಪದವಾಗಿ ಸವೆದುಹೋದಂತೆ ಅದರ ಜಾಗವನ್ನು ‘ತೆನೇರ್’ ಆಕ್ರಮಿಸಿಕೊಂಡಿತು. ಹದಿನಾರನೆಯ ಶತಮಾನದ ಹೊತ್ತಿಗೆ ಈ ಪಲ್ಲಟ ಬಹುಮಟ್ಟಿಗೆ ಮುಗಿದಿತ್ತು. ‘ತೂವೆ’ ಎಂಬ ಭೂತರೂಪವೂ ‘ಅಬೇರ್’ ಧಾತುವಿನ ಭೂತರೂಪದ ಅನುಕರಣೆಯಿಂದಲೇ ಹುಟ್ಟಿದ್ದು. ಹಿಂದಿನವನ ಜಾಗದ ಜೊತೆಗೆ ಅವನ ಅಂಗಿಯನ್ನೂ ತೊಟ್ಟುಕೊಂಡಂತೆ!

ಇನ್ನೂ ಹಿಂದಕ್ಕೆ ಹೋದರೆ ಕನ್ನಡಿಗರಿಗೆ ಹೆಚ್ಚು ಸ್ವಾರಸ್ಯಕರವಾದ ಸಂಗತಿಯೊಂದಿದೆ. ಲ್ಯಾಟಿನ್ನಿನಲ್ಲಿ ‘ಹಬೇಯೊ’ ಎಂಬ ಒಡೆತನದ ಕ್ರಿಯಾಪದದ ಜೊತೆಗೆ ‘ಮಿಹಿ ಎಸ್ತ್’ ಎಂಬ ರಚನೆಯೂ ಇತ್ತು. ಅದರ ಪದಶಃ ಅರ್ಥ ‘ನನಗೆ ಇದೆ’. ‘ಇರು’ ಮತ್ತು ‘ಒಡೆತನ ಹೊಂದು’ ಎಂಬ ಎರಡು ಭಾವಗಳ ಸಂಬಂಧವನ್ನು ಕುರಿತು 1960ರಲ್ಲಿ ಪ್ರಕಟವಾದ ಲೇಖನದಲ್ಲಿ ಫ್ರಾನ್ಸಿನ ಭಾಷಾವಿಜ್ಞಾನಿ ಎಮಿಲ್ ಬೆನ್ವೆನಿಸ್ತ್ ಅವರು, ‘ಹ್ಯಾವ್’ ಬಗೆಯ ಕ್ರಿಯಾಪದ ಜಗತ್ತಿನ ಎಲ್ಲ ಭಾಷೆಗಳ ಸಾಮಾನ್ಯ ಸೊತ್ತಲ್ಲ, ‘ಒಬ್ಬನಿಗೆ ಇದೆ’ ಎಂಬ ರಚನೆಯೇ ಹೆಚ್ಚು ವ್ಯಾಪಕ ಎಂಬುದನ್ನು ತೋರಿಸಿಕೊಟ್ಟರು. ಆದ್ದರಿಂದ ಕನ್ನಡದಲ್ಲಿ ‘ಹ್ಯಾವ್’ ಪದಕ್ಕೆ ನೇರವಾದ ಕ್ರಿಯಾಪದವಿಲ್ಲ ಎಂಬುದನ್ನು ಕೊರತೆಯೆಂದು ಭಾವಿಸಿ ‘ಹೊಂದು’ ಎಂಬುದನ್ನು ಎಳೆದು ತರುವ ಅಗತ್ಯವೇ ಇಲ್ಲ. ‘ಹೊಂದಿಕೆ’, ‘ಹೊಂದಾಣಿಕೆ’, ‘ಮರಣ ಹೊಂದು’ ಎಂಬಲ್ಲಿ ಜೀವಂತವಾಗಿರುವ ಆ ಧಾತು, ‘ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ’ ಎಂಬಲ್ಲಿ ಅನುವಾದದ ಪಳೆಯುಳಿಕೆ ಮಾತ್ರ. ಯಾವ ಮನೆಯಲ್ಲಿಯೂ ಯಾವ ತಾಯಿಯೂ ಮಕ್ಕಳನ್ನು ‘ಹೊಂದಿಲ್ಲ’. ಅವಳಿಗೆ ಮಕ್ಕಳಿದ್ದಾರೆ.

ಈ ಚತುರ್ಥಿಯ ಬಲವೇನು ಎಂಬುದನ್ನು ಸ್ಪ್ಯಾನಿಷ್ ವಾಕ್ಯಗಳ ಎದುರಿಗಿಟ್ಟು ನೋಡಬೇಕು. ‘ತೆಂಗೊ ಆಂಬ್ರೆ’ ಎಂದರೆ ‘ನನಗೆ ಹಸಿವು’; ‘ತೆಂಗೊ ಸೆದ್’ ಎಂದರೆ ‘ನನಗೆ ಬಾಯಾರಿಕೆ’; ‘ತೆಂಗೊ ಫ್ರೀಯೊ’ ಎಂದರೆ ‘ನನಗೆ ಚಳಿ’; ‘ತೆಂಗೊ ಮಿಯೆದೊ’ ಎಂದರೆ ‘ನನಗೆ ಭಯ’; ‘ತೆಂಗೊ ಪ್ರೀಸ’ ಎಂದರೆ ‘ನನಗೆ ಅವಸರ’; ‘ತೆಂಗೊ ವೇಯ್ನ್ತೆ ಆನ್ಯೊಸ್’ ಎಂದರೆ ‘ನನಗೆ ಇಪ್ಪತ್ತು ವರ್ಷ’. ಎರಡು ಭಾಷೆಗಳಲ್ಲಿಯೂ ಹಸಿವು, ಚಳಿ, ಭಯ, ವಯಸ್ಸು ಎಲ್ಲವೂ ನಾಮಪದಗಳು. ಅವು ಒಬ್ಬನಿಗೆ ಸಂಬಂಧಿಸಿ ಇರುತ್ತವೆ. ಇಂಗ್ಲಿಷಿನಲ್ಲಿ ಮಾತ್ರ ಮನುಷ್ಯನೇ ಹಸಿದವನಾಗಿ, ಹೆದರಿದವನಾಗಿ, ಇಪ್ಪತ್ತರವನಾಗಿ ‘ಇರುತ್ತಾನೆ’. ಇಂಗ್ಲಿಷಿನ ದಾರಿಯಲ್ಲಿ ಬಂದ ವಿದ್ಯಾರ್ಥಿ ‘ಇರು’ ಎಂಬರ್ಥದ ‘ಸೇರ್’, ‘ಎಸ್ತಾರ್’ ಧಾತುಗಳನ್ನು ಹುಡುಕಿ ‘ನಾನು ಹಸಿವು ಆಗಿದ್ದೇನೆ’, ‘ನಾನು ಇಪ್ಪತ್ತು ಆಗಿದ್ದೇನೆ’ ಎಂಬಂಥ ವಾಕ್ಯಗಳನ್ನು ಕಟ್ಟುತ್ತಾನೆ. ಸೆಕೆಯಾಗುತ್ತಿದೆ ಎನ್ನಲು ಹೋಗಿ ‘ಎಸ್ತೊಯ್ ಕಾಲ್ಯೆಂತೆ’ ಎಂದವನು ಕಾಮಾತುರನೆಂದು ಕೇಳುಗರಿಂದ ತಿಳಿಯಲ್ಪಡುವ ಅಪಾಯವೂ ಇದೆ. ‘ನನಗೆ ಸೆಕೆ’ ಎಂಬ ಕನ್ನಡ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡವನು ‘ತೆಂಗೊ ಕಲೋರ್’ ಎಂದು ಸರಿಯಾಗಿಯೇ ಹೇಳುತ್ತಾನೆ.

ಆದರೆ ಇಷ್ಟಕ್ಕೇ ನಿಂತರೆ ಕನ್ನಡದ ನೆರವು ಕೇವಲ ಪದಗುಚ್ಛಗಳ ಹೋಲಿಕೆಯಾಗಿ ಉಳಿದುಬಿಡುತ್ತದೆ. ಹೆಚ್ಚು ಮಹತ್ವದ್ದು ಭೂತಕಾಲದ ಪ್ರಶ್ನೆ. ಸ್ಪ್ಯಾನಿಷಿನಲ್ಲಿ ಎರಡು ಸರಳ ಭೂತಕಾಲಗಳಿವೆ. ಒಂದು ಇದ್ದ ಸ್ಥಿತಿಯನ್ನು ಒಳಗಿನಿಂದ ಕಂಡಂತೆ ಹೇಳುತ್ತದೆ. ಇನ್ನೊಂದು ನಡೆದು ಮುಗಿದ ಘಟನೆಯನ್ನು ಇಡಿಯಾಗಿ ಹೇಳುತ್ತದೆ. ಅನುಕೂಲಕ್ಕಾಗಿ ಅವನ್ನು ಸ್ಥಿತಿಭೂತ, ಘಟನಾಭೂತ ಎಂದು ಕರೆಯಬಹುದು. ‘ತೆನೀಯ’ ಸ್ಥಿತಿಭೂತ, ‘ತೂವೊ’ ಘಟನಾಭೂತ. ಇಂಗ್ಲಿಷಿನಲ್ಲಿ ಇವೆರಡಕ್ಕೂ ‘ಹ್ಯಾಡ್’ ಎಂಬ ಒಂದೇ ರೂಪ. ಹೀಗಾಗಿ ಇಂಗ್ಲಿಷ್ ಮಾಧ್ಯಮದ ವ್ಯಾಕರಣಗಳಲ್ಲಿ ಈ ವ್ಯತ್ಯಾಸವನ್ನು ವಿವರಿಸಲು ಪುಟಗಟ್ಟಲೆ ವ್ಯಯವಾಗುತ್ತದೆ. ಕನ್ನಡದಲ್ಲಿ ಈ ವ್ಯತ್ಯಾಸ ‘ಇರು’ ಮತ್ತು ‘ಆಗು’ ಎಂಬ ಎರಡು ಧಾತುಗಳ ನಡುವೆ ಹಂಚಿಹೋಗಿದೆ. ‘ತೆನೀಯ ಮಿಯೆದೊ’ ಎಂದರೆ ‘ಅವನಿಗೆ ಭಯವಿತ್ತು’. ‘ತೂವೊ ಮಿಯೆದೊ’ ಎಂದರೆ ‘ಅವನಿಗೆ ಭಯವಾಯಿತು’. ‘ತೆನೀಯ ಊನ್ ಈಹೊ’ ಎಂದರೆ ‘ಅವಳಿಗೆ ಒಬ್ಬ ಮಗನಿದ್ದ’. ‘ತೂವೊ ಊನ್ ಈಹೊ’ ಎಂದರೆ ‘ಅವಳಿಗೆ ಗಂಡು ಮಗು ಆಯಿತು’, ಅಂದರೆ ಹೆರಿಗೆಯಾಯಿತು. ಇಂಗ್ಲಿಷ್ ವ್ಯಾಕರಣಕಾರನು ‘ತೂವೊ’ ರೂಪಕ್ಕೆ ‘ಪಡೆದ’, ‘ಉಂಟಾಯಿತು’ ಎಂಬ ವಿಶೇಷಾರ್ಥಗಳಿವೆಯೆಂದು ಪಟ್ಟಿ ಮಾಡಬೇಕಾಗುತ್ತದೆ. ಕನ್ನಡದ ವಿದ್ಯಾರ್ಥಿಗೆ ಅದು ವಿಶೇಷಾರ್ಥವೇ ಅಲ್ಲ, ‘ಆಗು’ ಧಾತುವಿನ ಸಾಮಾನ್ಯ ಅರ್ಥ.

ವಿಧ್ಯರ್ಥಕ ರಚನೆಯಲ್ಲಿ ಈ ಸಾಮ್ಯ ಇನ್ನಷ್ಟು ನಿಖರವಾಗಿದೆ. ‘ತೆನೇರ್ ಕೆ’ ಎಂಬುದರ ಮುಂದೆ ಧಾತುರೂಪ ಬಂದಾಗ ‘ಬೇಕು’ ಎಂಬ ಅರ್ಥ ಬರುತ್ತದೆ. ‘ತೆಂಗೊ ಕೆ ಈರ್’ ಎಂದರೆ ‘ನಾನು ಹೋಗಬೇಕು’. ಇದರ ಎರಡು ಭೂತರೂಪಗಳನ್ನು ಗಮನಿಸಬೇಕು. ‘ತೆನೀಯ ಕೆ ಈರ್’ ಎಂದರೆ ‘ಹೋಗಬೇಕಾಗಿತ್ತು’: ಹೋದನೋ ಇಲ್ಲವೋ ಎಂಬುದು ವಾಕ್ಯದಿಂದ ತಿಳಿಯದು, ಹೋಗಲಿಲ್ಲವೆಂಬ ಧ್ವನಿಯೂ ಇರಬಹುದು. ‘ತೂವೆ ಕೆ ಈರ್’ ಎಂದರೆ ‘ಹೋಗಬೇಕಾಯಿತು’: ಹೋದದ್ದು ನಿಶ್ಚಯ. ನಿಷೇಧದಲ್ಲಿಯೂ ಇದೇ ಕ್ರಮ ಮುಂದುವರಿಯುತ್ತದೆ. ‘ನೋ ತೂವೆ ಕೆ ಈರ್’ ಎಂದರೆ ‘ಹೋಗಬೇಕಾಗಲಿಲ್ಲ’. ‘ನೋ ತೆನೀಯ ಕೆ ಈರ್’ ಎಂದರೆ ‘ಹೋಗಬೇಕಿರಲಿಲ್ಲ’. ‘ಊಟ ಮಾಡಿಕೊಂಡು ಬರಬೇಕಾಗಿತ್ತು’ ಎಂದು ಆಕ್ಷೇಪಿಸುವ ಅತ್ತೆಗೂ ‘ಊಟ ಮಾಡಿಕೊಂಡೇ ಬರಬೇಕಾಯಿತು’ ಎಂದು ಸಮಜಾಯಿಷಿ ಕೊಡುವ ಅಳಿಯನಿಗೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಸ್ಪ್ಯಾನಿಷ್ ಕಲಿಯುವ ಕನ್ನಡಿಗನಿಗೆ ಮಾತ್ರ ಇದು ಹೊಸ ವಿಷಯವೆಂಬಂತೆ, ಈ ಭೇದವೇ ಇಲ್ಲದ ಒಂದು ಭಾಷೆಯ ಮೂಲಕ ಬೋಧಿಸಲ್ಪಡುತ್ತಿದೆ.

ಪ್ರಾದೇಶಿಕ ಕನ್ನಡಗಳಲ್ಲಿ ‘ತೆನೇರ್ ಕೆ’ ರಚನೆಗೆ ಮತ್ತೂ ಸಮೀಪದ ರೂಪಗಳಿವೆ. ಕರಾವಳಿಯವರ ‘ನನಗೆ ಹೋಗ್ಲಿಕ್ಕುಂಟು’, ಧಾರವಾಡದ ಕಡೆಯ ‘ನನಗ ಹೋಗೂದದ’, ಹಳೆಯ ಮೈಸೂರಿನವರ ‘ನನಗೆ ಹೋಗೋದಿದೆ’ ಎಂಬವುಗಳಲ್ಲಿ ಮಾಡಬೇಕಾದ ಕೆಲಸವೇ ಒಬ್ಬನಿಗೆ ‘ಇರುವ’ ವಸ್ತುವಾಗಿ ತೋರುತ್ತದೆ. ಒತ್ತಾಯದ ತೀವ್ರತೆ ಇವುಗಳಲ್ಲಿ ಸ್ಪ್ಯಾನಿಷಿನಷ್ಟು ಇಲ್ಲದಿರಬಹುದು, ಆದರೆ ಕಲ್ಪನೆಯ ಮೂಲ ಒಂದೇ. ಪ್ರಮಾಣ ಕನ್ನಡದ ‘ಬೇಕು’ ಒಂದನ್ನೇ ಹಿಡಿದು ಕುಳಿತವರಿಗೆ ಈ ಸಾಮ್ಯ ಕಾಣದೆ ಹೋಗುತ್ತದೆ.

ಹೀಗೆಂದು ಕನ್ನಡವು ಸ್ಪ್ಯಾನಿಷಿನ ಎಲ್ಲ ಬೀಗಗಳಿಗೂ ಚಾವಿಯೆಂದು ಸಾರಿದರೆ ಅದು ಅಭಿಮಾನವಾಗುತ್ತದೆಯೇ ಹೊರತು ಶಾಸ್ತ್ರವಾಗುವುದಿಲ್ಲ. ಕನ್ನಡವೂ ತಪ್ಪುದಾರಿ ತೋರಿಸುವ ಎಡೆಗಳಿವೆ. ‘ನನಗೆ ಇಬ್ಬರು ಅಕ್ಕಂದಿರಿದ್ದಾರೆ’ ಎಂಬಲ್ಲಿ ಕ್ರಿಯಾಪದವು ಅಕ್ಕಂದಿರನ್ನು ಅನುಸರಿಸುತ್ತದೆ. ‘ತೆಂಗೊ ದೋಸ್ ಎರ್ಮಾನಸ್’ ಎಂಬಲ್ಲಿ ಅದು ಮಾತನಾಡುವವನನ್ನು ಅನುಸರಿಸುತ್ತದೆ. ಕನ್ನಡದ ಅಭ್ಯಾಸದಂತೆ ಬಹುವಚನ ಪ್ರತ್ಯಯ ಹಚ್ಚುವ, ಅಥವಾ ‘ನನಗೆ’ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳುವ ದೋಷಕ್ಕೆ ಇಲ್ಲಿ ಅವಕಾಶವಿದೆ. ಈ ಪಲ್ಲಟವನ್ನು, ಅಂದರೆ ಚತುರ್ಥಿಯಲ್ಲಿದ್ದವನು ಪ್ರಥಮೆಗೆ ಬರುವುದನ್ನು, ಮೊದಲ ಪಾಠದಲ್ಲಿಯೇ ಸ್ಪಷ್ಟಪಡಿಸಬೇಕಾಗುತ್ತದೆ. ಕ್ರಿಯಾಪದದ ಪ್ರತ್ಯಯವೇ ಪುರುಷವನ್ನು ಸೂಚಿಸುವುದರಿಂದ ಸರ್ವನಾಮವನ್ನು ಬಿಡಬಹುದು ಎಂಬುದನ್ನಂತೂ ‘ಬಂದೆ’, ‘ಬಂದೆವು’ ಎನ್ನುವವರಿಗೆ ಹೇಳಿಕೊಡಬೇಕಾಗಿಲ್ಲ.

ಕನ್ನಡ ಚತುರ್ಥಿಯ ಎಲ್ಲ ವಾಕ್ಯಗಳೂ ‘ತೆನೇರ್’ ಆಗುವುದಿಲ್ಲ ಎಂಬುದು ಎರಡನೆಯ ಎಚ್ಚರ. ‘ನನಗೆ ಕಾಫಿ ಇಷ್ಟ’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿಯೂ ‘ನನಗೆ’ ಎಂಬ ಚತುರ್ಥಿಯೇ ಬರುತ್ತದೆ: ‘ಮೆ ಗೂಸ್ತ ಎಲ್ ಕಫೇ’. ‘ನನಗೆ ತಲೆ ನೋಯುತ್ತಿದೆ’ ಎಂಬುದೂ ಹಾಗೆಯೇ. ಅಂದರೆ ಸ್ಪ್ಯಾನಿಷ್ ಭಾಷೆಯು ರುಚಿ ಮತ್ತು ನೋವುಗಳನ್ನು ಕನ್ನಡದಂತೆಯೂ ಹಸಿವು ಮತ್ತು ಚಳಿಗಳನ್ನು ತನ್ನದೇ ರೀತಿಯಲ್ಲಿಯೂ ಹೇಳುತ್ತದೆ. ‘ನೀವು ಹೇಳುವುದು ಸರಿ’ ಎನ್ನಲು ‘ತಿಯೆನೆ ರಸೋನ್’ ಎನ್ನಬೇಕು. ಇಲ್ಲಿ ಕನ್ನಡದಿಂದ ಯಾವ ನೆರವೂ ಇಲ್ಲ. ‘ತುಂಬ ಹಸಿವು’, ‘ತುಂಬ ದೊಡ್ಡದು’ ಎಂಬ ಎರಡೂ ಕಡೆ ಕನ್ನಡ ‘ತುಂಬ’ ಎಂದರೆ, ಸ್ಪ್ಯಾನಿಷ್ ನಾಮಪದದ ಮುಂದೆ ‘ಮೂಚ’, ಗುಣವಾಚಕದ ಮುಂದೆ ‘ಮುಯ್’ ಎನ್ನುತ್ತದೆ. ‘ಇದೆ’ ಎಂಬ ಒಂದೇ ಕನ್ನಡ ರೂಪಕ್ಕೆ ಒಡೆತನದಲ್ಲಿ ‘ತಿಯೆನೆ’, ಅಸ್ತಿತ್ವದಲ್ಲಿ ‘ಆಯ್’, ಸ್ಥಳ ಹೇಳುವಾಗ ‘ಎಸ್ತಾ’ ಎಂಬ ಮೂರು ಕವಲುಗಳಾಗುತ್ತವೆ. ಮೇಲೆ ಹೇಳಿದ ‘ಇರು–ಆಗು’ ಸೂತ್ರಕ್ಕೂ ಮಿತಿಯಿದೆ. ‘ಅವನಿಗೆ ಹತ್ತು ವರ್ಷ ಒಂದು ಅಂಗಡಿಯಿತ್ತು’ ಎಂಬಲ್ಲಿ ಕನ್ನಡ ‘ಇರು’ ಧಾತುವನ್ನೇ ಬಳಸಿದರೂ, ಕಾಲದ ಆದಿ ಅಂತ್ಯಗಳು ಗೊತ್ತಾಗಿರುವುದರಿಂದ ಸ್ಪ್ಯಾನಿಷ್ ‘ತೂವೊ’ ಎನ್ನುತ್ತದೆ. ‘ಅವನಿಗೆ ಇಪ್ಪತ್ತು ವರ್ಷವಾಯಿತು’ ಎಂಬಲ್ಲಿ ‘ಆಗು’ ಇದ್ದರೂ ಅಲ್ಲಿ ‘ತೆನೇರ್’ ಬರದೆ ‘ಕುಂಪ್ಲೀರ್’ ಎಂಬ ಬೇರೆಯೇ ಧಾತು ಬರುತ್ತದೆ. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಹೀಗೆ ಗೆರೆ ಕೊರೆದು ತೋರಿಸುವುದೇ ವ್ಯತಿರೇಕಿ ವ್ಯಾಕರಣದ ಕೆಲಸ.

ಈ ಕೆಲಸ ಯಾರದು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ವಿದೇಶಿ ಭಾಷಾ ವಿಭಾಗಗಳ ಅಧ್ಯಾಪಕರು ಸ್ಪ್ಯಾನಿಷನ್ನು ಬಲ್ಲರು. ಕನ್ನಡ ವ್ಯಾಕರಣದ ಸೂಕ್ಷ್ಮಗಳನ್ನು ಅವರಿಂದ ನಿರೀಕ್ಷಿಸಲಾಗದು. ಕನ್ನಡ ವಿಭಾಗಗಳಾದರೋ ಇದು ತಮ್ಮ ವ್ಯಾಪ್ತಿಗೆ ಸೇರಿದ್ದೆಂದು ಭಾವಿಸಿಯೇ ಇಲ್ಲ. ಕನ್ನಡವನ್ನು ಅನ್ಯರಿಗೆ ವಿವರಿಸುವ ವ್ಯಾಕರಣಗಳ ಪರಂಪರೆ 1817ರ ವಿಲಿಯಂ ಕೇರಿಯವರಿಂದ 1903ರ ಕಿಟೆಲರವರೆಗೂ ಅಲ್ಲಿಂದ ಮುಂದಕ್ಕೂ ಸಮೃದ್ಧವಾಗಿ ಬೆಳೆದಿದೆ. ಅನ್ಯಭಾಷೆಗಳನ್ನು ಕನ್ನಡಿಗರಿಗೆ ಕನ್ನಡದ ಕಣ್ಣಿನಿಂದ ವಿವರಿಸುವ ಎದುರುದಾರಿಯಲ್ಲಿ ಅಷ್ಟು ಸಂಚಾರ ನಡೆದಿಲ್ಲ. ಸ್ಪ್ಯಾನಿಷಿನ ಮೊದಲ ವ್ಯಾಕರಣವನ್ನು 1492ರಲ್ಲಿ ಪ್ರಕಟಿಸಿದ ನೆಬ್ರಿಹಾ, ಅದರ ಐದನೆಯ ಭಾಗವನ್ನು ಪರಭಾಷಿಕ ಕಲಿಯುವವರಿಗಾಗಿಯೇ ಮೀಸಲಿಟ್ಟಿದ್ದನು ಎಂಬುದು ಇಲ್ಲಿ ನೆನಪಾಗಬೇಕಾದ ಸಂಗತಿ.

ಕನ್ನಡ ಚತುರ್ಥಿಯ ಅಧ್ಯಯನದ ಸ್ಥಿತಿಯೂ ವಿಚಿತ್ರವಾಗಿದೆ. ಸಾಂಪ್ರದಾಯಿಕ ವ್ಯಾಕರಣದಲ್ಲಿ ಚತುರ್ಥಿಗೆ ಸಂಪ್ರದಾನವೇ ಮುಖ್ಯಾರ್ಥ. ‘ನನಗೆ ಹಸಿವು’ ಎಂಬಲ್ಲಿ ಕೊಡುವವರಾರು, ಕೊಳ್ಳುವವರಾರು? ಅಲ್ಲಿರುವವನು ಅನುಭವಿಸುವವನು. ಈ ‘ಅನುಭವಿ ಕರ್ತೃ’ವಿನ ವಿಷಯ 1970ರ ದಶಕದಿಂದೀಚೆಗೆ ಭಾಷಾವಿಜ್ಞಾನಿಗಳಲ್ಲಿ ಗಂಭೀರ ಚರ್ಚೆಗೆ ಬಂತು. ಎಸ್. ಎನ್. ಶ್ರೀಧರ್ ಅವರು ಕನ್ನಡದ ಇಂಥ ವಾಕ್ಯಗಳನ್ನು ವಿಶ್ಲೇಷಿಸಿದರು. 1990ರಲ್ಲಿ ಅವರ ಕನ್ನಡ ವ್ಯಾಕರಣವೂ, ದಕ್ಷಿಣ ಏಷ್ಯಾದ ಭಾಷೆಗಳ ಅನುಭವಿ ಕರ್ತೃಗಳನ್ನೇ ಕುರಿತು ವರ್ಮಾ ಮತ್ತು ಮೋಹನನ್ ಸಂಪಾದಿಸಿದ ಸಂಪುಟವೂ ಪ್ರಕಟವಾದವು. ಇವೆಲ್ಲವೂ ಇಂಗ್ಲಿಷಿನಲ್ಲಿವೆ. ಕನ್ನಡ ಸ್ನಾತಕೋತ್ತರ ತರಗತಿಗಳ ವ್ಯಾಕರಣ ಪಾಠದಲ್ಲಿ ಇವುಗಳ ಫಲ ಎಷ್ಟರಮಟ್ಟಿಗೆ ಇಳಿದು ಬಂದಿದೆ ಎಂಬುದನ್ನು ಅಧ್ಯಾಪಕರೇ ಹೇಳಬೇಕು.

ಬೆಂಗಳೂರಿನಂಥ ನಗರದ ತರಗತಿಯಲ್ಲಿ ತಮಿಳು, ತೆಲುಗು, ಹಿಂದಿ ಭಾಷಿಕರೂ ಇರುವಾಗ ಕನ್ನಡವನ್ನು ಆಧಾರವಾಗಿಸುವುದು ಹೇಗೆ ಎಂಬ ಆಕ್ಷೇಪ ಬರಬಹುದು. ಅದಕ್ಕೆ ಉತ್ತರ ಆಕ್ಷೇಪದಲ್ಲಿಯೇ ಇದೆ. ಆ ಭಾಷೆಗಳಲ್ಲಿಯೂ ಹಸಿವು ಒಬ್ಬನಿಗೆ ಆಗುತ್ತದೆ. ಹಿಂದಿಯಲ್ಲಿಯೂ ‘ಜಾನಾ ಥಾ’ ಬೇರೆ, ‘ಜಾನಾ ಪಡಾ’ ಬೇರೆ. ಆ ತರಗತಿಯಲ್ಲಿ ಹೊರಗಿನದಾಗಿ ನಿಲ್ಲುವುದು ವಿವರಣೆಯ ಇಂಗ್ಲಿಷೊಂದೇ. ಯಾವ ಭಾಷೆಯ ಮಧ್ಯಸ್ಥಿಕೆಯೂ ಬೇಡ, ಸ್ಪ್ಯಾನಿಷನ್ನು ಸ್ಪ್ಯಾನಿಷಿನಲ್ಲಿಯೇ ಕಲಿಸಬೇಕು ಎನ್ನುವವರ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಅಧ್ಯಾಪಕನು ಬಾಯಿ ಮುಚ್ಚಿದ ಮಾತ್ರಕ್ಕೆ ವಿದ್ಯಾರ್ಥಿಯ ತಲೆಯೊಳಗಿನ ಅನುವಾದ ನಿಲ್ಲುವುದಿಲ್ಲ. ಅದು ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದಷ್ಟೇ ಪ್ರಶ್ನೆ.

ಇದರ ಪರಿಣಾಮ ತರಗತಿಯ ಹೊರಗೂ ಇದೆ. ಲೋರ್ಕಾ, ನೆರೂದಾ, ಬೋರ್ಹೆಸ್, ಮಾರ್ಕೆಸ್ ಮೊದಲಾದ ಸ್ಪ್ಯಾನಿಷ್ ಲೇಖಕರ ಕೃತಿಗಳು ಕನ್ನಡಕ್ಕೆ ಬಂದಿರುವುದು ಬಹುಮಟ್ಟಿಗೆ ಇಂಗ್ಲಿಷ್ ಅನುವಾದಗಳ ಮೂಲಕ. ಮೂಲದಲ್ಲಿ ‘ತೆನೀಯ ಮಿಯೆದೊ’ ಎಂದಿದ್ದದ್ದು ಇಂಗ್ಲಿಷಿನಲ್ಲಿ ಮನುಷ್ಯನ ವಿಶೇಷಣವಾಗಿ, ಅಲ್ಲಿಂದ ಕನ್ನಡಕ್ಕೆ ‘ಅವನು ಭಯಭೀತನಾಗಿದ್ದನು’ ಎಂದು ಬರುತ್ತದೆ. ‘ತೂವೊ ಕೆ ಈರ್ಸೆ’ ಎಂದಿದ್ದದ್ದು ಇಂಗ್ಲಿಷಿನ ‘ಹ್ಯಾಡ್ ಟು’ ಆಗಿ, ಅನುವಾದಕನ ಊಹೆಯಂತೆ ಕನ್ನಡದಲ್ಲಿ ‘ಹೊರಟುಹೋಗಬೇಕಾಗಿತ್ತು’ ಎಂದಾದರೆ, ಹೊರಟುಹೋದವನು ಮನೆಯಲ್ಲಿಯೇ ಉಳಿದಂತೆ ಓದುಗನಿಗೆ ಅನಿಸುತ್ತದೆ. ‘ಅವನಿಗೆ ಭಯವಿತ್ತು’, ‘ಹೊರಟುಹೋಗಬೇಕಾಯಿತು’ ಎಂಬ ಸರಳ ಕನ್ನಡ ವಾಕ್ಯಗಳು ಮೂಲಕ್ಕೆ ಇಂಗ್ಲಿಷಿಗಿಂತ ಹತ್ತಿರವಾಗಿವೆ.

ಕನ್ನಡ ವಿಭಾಗವೊಂದು ವಿದೇಶಿ ಭಾಷಾ ವಿಭಾಗದ ಜೊತೆಗೂಡಿ ಆರಂಭಿಸಬಹುದಾದ ಕೆಲಸ ದೊಡ್ಡದೇನಲ್ಲ. ‘ತೆನೇರ್’, ‘ಅಬೇರ್’, ‘ಸೇರ್’, ‘ಎಸ್ತಾರ್’ ಎಂಬ ನಾಲ್ಕು ಧಾತುಗಳನ್ನು ಒಂದು ಕಡೆ, ‘ಇರು’, ‘ಆಗು’, ‘ಉಂಟು’, ‘ಬೇಕು’ ಎಂಬ ನಾಲ್ಕನ್ನು ಇನ್ನೊಂದು ಕಡೆ ಇಟ್ಟು, ವಿದ್ಯಾರ್ಥಿಗಳ ಬರವಣಿಗೆಯಲ್ಲಿ ಕಾಣುವ ದೋಷಗಳನ್ನು ಸಂಗ್ರಹಿಸಿ, ಯಾವ ದೋಷ ಇಂಗ್ಲಿಷಿನಿಂದ ಬಂದದ್ದು, ಯಾವುದು ಕನ್ನಡದಿಂದ ಬಂದದ್ದು ಎಂದು ವಿಂಗಡಿಸುವುದು ಒಂದು ಎಂ.ಫಿಲ್. ಪ್ರಬಂಧದಷ್ಟು ಗಾತ್ರದ ಕೆಲಸ. ಎಂ.ಫಿಲ್. ಪದವಿಯೇ 2022ರ ನಿಯಮಾವಳಿಯಿಂದ ನಿಂತುಹೋಗಿರುವುದರಿಂದ, ಸ್ನಾತಕೋತ್ತರ ತರಗತಿಯ ಕಿರುಸಂಶೋಧನೆಯಾಗಿಯಾದರೂ ಇದನ್ನು ಕೈಗೆತ್ತಿಕೊಳ್ಳಬಹುದು. ಅಂಥ ಅಧ್ಯಯನಕ್ಕೆ ಮೊದಲು ಬೇಕಾದದ್ದು ‘ಹೊಂದು’ ಎಂಬ ಅರ್ಥವನ್ನು ‘ತೆನೇರ್’ ಎದುರಿನಿಂದ ಅಳಿಸಿ, ಅಲ್ಲಿ ‘-ಗೆ ಇರು, -ಗೆ ಆಗು’ ಎಂದು ಬರೆಯುವುದು.